ರಶೀದಿ ಪುಸ್ತಕಕ್ಕೆ ಸಿಗದ ಮನೆಗಳು

ಮಂಗಳೂರಿನ ನಮ್ಮ ಮನೆಗೆ ಬರುವ ವಂತಿಗೆಯ ರಶೀದಿ ಇವತ್ತಿಗೂ ಮಾವನ ಹೆಸರಿನಲ್ಲೇ ಬರುತ್ತದೆ. ಮಾವ ತೀರಿಕೊಂಡು ಎಷ್ಟೋ ವರ್ಷ ಆಯಿತು. ಆದರೂ ಅಷ್ಟಮಿಯ ಮೊಸರುಕುಡಿಕೆ ಇರಲಿ, ಚೌತಿ ಇರಲಿ, ಮಂಗಳಾದೇವಿ ದಸರಾಕ್ಕೆ ಹುಲಿವೇಷ ಹೊರಡಿಸುವುದಿರಲಿ, ಕ್ಲಬ್ಬಿನ ವಾರ್ಷಿಕೋತ್ಸವ ಇರಲಿ, ನಾಲ್ಕೈದು ಹುಡುಗರು ಗೇಟು ತೆಗೆದು ಒಳಗೆ ಬರುತ್ತಾರೆ. ಒಬ್ಬನ ಕೈಯಲ್ಲಿ ರಶೀದಿ ಪುಸ್ತಕ, ಇನ್ನೊಬ್ಬನ ಕೈಯಲ್ಲಿ ಮನೆಗಳ ಲಿಸ್ಟು, ಉಳಿದವರು ಸುಮ್ನೆ ಜೊತೆಗೆ. "ಅಕ್ಕಾ, ಮಾವನವರ ಹೆಸರೇ ಹಾಕ್ಲಾ?" ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯದೆ ಬರೆದೂ ಬಿಡುತ್ತಾರೆ. ಆ ಹುಡುಗರಲ್ಲಿ ಅರ್ಧ ಜನ ಮಾವನನ್ನು ಕಂಡವರೂ ಅಲ್ಲ. ಲಿಸ್ಟಿನಲ್ಲಿ ಹೆಸರು ಹಾಗೆ ಉಂಟು, ಅಷ್ಟೆ. ಹಳೇ ಲಿಸ್ಟು ನೋಡಿ ಹೊಸ ಲಿಸ್ಟು ಬರೆಯುವುದು ಮೊದಲಿನಿಂದಲೂ ಬಂದ ಕ್ರಮ. ಈಗ ಅದು ಒಬ್ಬನ ಮೊಬೈಲಿಗೆ ಬಂದಿದೆ, ಹೆಸರುಗಳು ಮಾತ್ರ ಅವೇ.

ಇದರಿಂದ ನನಗೇನೂ ಬೇಸರವಿಲ್ಲ. ಅತ್ತೆಗಂತೂ ಖುಷಿ. ರಶೀದಿಯನ್ನು ದೇವರ ಕೋಣೆಯ ಕ್ಯಾಲೆಂಡರಿನ ಮೊಳೆಗೆ ಚುಚ್ಚಿ ಇಡುತ್ತಾರೆ. ತಲೆ ಕೊರೆಯುತ್ತಿರುವುದು ಬೇರೆ. ನಮ್ಮ ಗೇಟಿನಿಂದ ಹೊರಗೆ ಹೋದ ಹುಡುಗರು ಯಾವಾಗಲೂ ಎಡಕ್ಕೇ ತಿರುಗುತ್ತಾರೆ. ಬಲಕ್ಕೆ ಹೋದರೆ ಹಳೇ ಹೆಂಚಿನ ಮನೆ ಒಡೆದು ಕಟ್ಟಿದ ಒಂದು ಫ್ಲ್ಯಾಟು, ಅದರ ಹಿಂದೆ ಸಾಲಾಗಿ ಲೈನ್ ರೂಮುಗಳು. ಒಂದು ಸಲ ಗುಂಪಿಗೆ ಹೊಸದಾಗಿ ಸೇರಿದ ಹುಡುಗ ಆ ಕಡೆ ಹೊರಟ. ಲಿಸ್ಟು ಹಿಡಿದವನು ಅಲ್ಲಿಂದಲೇ ತಡೆದ: "ಅಲ್ಪ ಬೊಡ್ಚಿ ಮಾರಾಯಾ, ಅಕುಲು ಘಟ್ಟದಕುಲು." ಅಲ್ಲಿಗೆ ಬೇಡ, ಅವರು ಘಟ್ಟದವರು, ಅಂದರೆ ಘಟ್ಟದ ಮೇಲಿನ ಊರುಗಳಿಂದ ಬಂದವರು. ಹೇಳಿದ ದನಿಯಲ್ಲಿ ಅಸಡ್ಡೆ ಇರಲಿಲ್ಲ. ಪಾಪದವರ ಹತ್ತಿರ ಎಂತಕ್ಕೆ ಕೇಳುವುದು ಎನ್ನುವ ಕನಿಕರವೇ ಇದ್ದೀತು. ಆದರೂ ನನಗೆ ಅದು ಒಂಥರಾ ಅನಿಸಿತು. ತೀರಿಹೋದ ನಮ್ಮ ಮಾವನಿಗೆ ವರ್ಷಕ್ಕೆ ಐದಾರು ರಶೀದಿ. ದಿನಾ ಬೆಳಿಗ್ಗೆ ನನ್ನ ಎದುರು ಬಕೆಟ್ ಹಿಡಿದು ನಳ್ಳಿಗೆ ನಿಲ್ಲುವವರಿಗೆ ಒಂದೂ ಇಲ್ಲ.

ವಂತಿಗೆ ಎಂದರೆ ನಾವೆಲ್ಲ ಗೊಣಗುವವರೇ. ಗೇಟಿನ ಸದ್ದು ಕೇಳಿದ ಕೂಡಲೇ ಟಿವಿ ಸಣ್ಣ ಮಾಡಿ ಒಳಗೆ ಸೇರಿಕೊಳ್ಳುವವರು ನಮ್ಮ ಗಲ್ಲಿಯಲ್ಲೂ ಇದ್ದಾರೆ. ಆದರೆ ಕೇಳಿಸಿಕೊಳ್ಳುವುದಕ್ಕೂ ಒಂದು ಅರ್ಹತೆ ಬೇಕು ಎನ್ನುವುದು ನನಗೆ ಹೊಳೆದದ್ದು ಆ ದಿನ. ಯಾರ ಹತ್ತಿರ ದುಡ್ಡು ಕೇಳುತ್ತಾರೋ ಅವರು ಊರಿನವರು.

ಚೇರು, ತಾರ್ಪಾಲು, ದೊಡ್ಡ ಪಾತ್ರೆ

ಮಂಗಳೂರಿನ ಹಳೇ ಭಾಗದಲ್ಲಿ ಒಮ್ಮೆ ನಡೆದುಕೊಂಡು ಹೋಗಿ ನೋಡಿ. ಬಂದರು, ಕುದ್ರೋಳಿ, ಬೊಕ್ಕಪಟ್ಣ, ಹೊಯ್ಗೆಬಜಾರ್, ಬೋಳಾರ, ಜೆಪ್ಪು. ಎರಡು ತಿರುವಿಗೊಂದು ಬೋರ್ಡು ಸಿಗುತ್ತದೆ. ಯುವಕ ಮಂಡಲ, ಫ್ರೆಂಡ್ಸ್ ಸರ್ಕಲ್, ವ್ಯಾಯಾಮ ಶಾಲೆ, ಭಜನಾ ಮಂದಿರ, ಮಹಿಳಾ ಮಂಡಲ. ಹೆಸರಿನ ಕೊನೆಗೆ ಕಂಸದಲ್ಲಿ 'ರಿ' ಇದ್ದೇ ಇರುತ್ತದೆ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ 7 ಜನ ಸೇರಿದರೆ ಒಂದು ಸಂಘ ಮಾಡಬಹುದು. ನಮ್ಮ ಕಡೆ 7 ಜನ ಸೇರುವುದು ದೊಡ್ಡ ಸಂಗತಿಯೇ ಅಲ್ಲ, ಸೇರಿದವರು ಒಟ್ಟಿಗೆ ಉಳಿಯುವುದು ದೊಡ್ಡದು. ಎಷ್ಟೋ ಕ್ಲಬ್ಬುಗಳು ಇನ್ನೊಂದು ಕ್ಲಬ್ಬಿನಿಂದ ಸಿಟ್ಟು ಮಾಡಿಕೊಂಡು ಹೊರಬಂದವರು ಕಟ್ಟಿದ್ದು. ಇರಲಿ.

ಪೇಪರಿನಲ್ಲಿ ಇವುಗಳ ಸುದ್ದಿ ಬರುವುದು ಒಂದೇ ಥರ. ಉಚಿತ ಪುಸ್ತಕ ವಿತರಣೆ, ರಕ್ತದಾನ ಶಿಬಿರ, ಸಾಧಕರಿಗೆ ಶಾಲು ಹೊದಿಸುವುದು, ಆಟಿ ತಿಂಗಳಲ್ಲಿ ಪತ್ರೊಡೆ ಮಾಡಿ ಉಣ್ಣುವುದು. ಫೋಟೋದಲ್ಲಿ ಹನ್ನೆರಡು ಜನ ಒಂದೇ ಹೂಗುಚ್ಛ ಹಿಡಿದುಕೊಂಡಿರುತ್ತಾರೆ. ಇದನ್ನೇ ಸಮಾಜಸೇವೆ ಎಂದು ಹೇಳುವುದಾದರೆ ನನಗೆ ನಗು ಬರುತ್ತದೆ. ಕ್ಲಬ್ಬಿನ ನಿಜವಾದ ಆಸ್ತಿ ಅದರ ಹಿಂದಿನ ಕೋಣೆಯಲ್ಲಿ ಇದೆ. ಪೇರಿಸಿಟ್ಟ ಪ್ಲಾಸ್ಟಿಕ್ ಚೇರು, ಮಡಚಿದ ನೀಲಿ ತಾರ್ಪಾಲು, ಅನ್ನ ಬೇಯಿಸುವ ದೊಡ್ಡ ಪಾತ್ರೆ, ಸೌಟು, ಒಂದು ಪೆಟ್ಟಿಗೆ ಟ್ಯೂಬ್‌ಲೈಟು. ಅದರ ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಗಲ್ಲಿಯ ಮಕ್ಕಳಿಗೂ ಗೊತ್ತು.

ಮಾವ ಹೋದದ್ದು ಆಟಿಯ ಒಂದು ರಾತ್ರಿ. ಹೊರಗೆ ಮಳೆ ಎಂದರೆ ಮಳೆ. ಗಂಡ ದುಬೈಯಲ್ಲಿದ್ದರು, ಮನೆಯಲ್ಲಿ ನಾನು, ಅತ್ತೆ, ಸಣ್ಣ ಮಗಳು. ನಾನು ಮಾಡಿದ್ದು ಒಂದೇ ಫೋನು, ಪಕ್ಕದ ಮನೆಗೆ. ಅರ್ಧ ಗಂಟೆಯೊಳಗೆ ಅಂಗಳಕ್ಕೆ ತಾರ್ಪಾಲು ಏರಿತ್ತು. ಯಾರೋ ಮರಕ್ಕೆ ಹತ್ತಿ ಹಗ್ಗ ಕಟ್ಟುತ್ತಿದ್ದರು, ಯಾರೋ ಚೇರು ಇಳಿಸುತ್ತಿದ್ದರು. ಒಬ್ಬರು ನಂದಿಗುಡ್ಡೆ ಸ್ಮಶಾನಕ್ಕೆ ಫೋನು ಮಾಡಿ ಹೊತ್ತು ಕೇಳಿದರು, ಇನ್ನೊಬ್ಬರು ಮುಂಬೈಯ ನಾದಿನಿಗೆ ಬಸ್ಸು ಸಿಗುತ್ತದೋ ರೈಲು ಸಿಗುತ್ತದೋ ನೋಡಿದರು. ನಾನು ಅವರಲ್ಲಿ ಅರ್ಧ ಜನರ ಜೊತೆ ಅದುವರೆಗೆ ಸರಿಯಾಗಿ ಮಾತಾಡಿಯೂ ಇರಲಿಲ್ಲ. ಬೆಳಗಾಗುವ ಹೊತ್ತಿಗೆ ಯಾರದೋ ಮನೆಯಿಂದ ಗಂಜಿ ಬಂತು. ಆಗ ಕ್ಲಬ್ಬಿನ ಅಧ್ಯಕ್ಷರು, ಲುಂಗಿ ಮೇಲೆ ಕಟ್ಟಿಕೊಂಡು ಒದ್ದೆಯಾಗಿ ನಿಂತಿದ್ದವರು, ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಬೊಜ್ಜಕ್ಕೆ ಪಾತ್ರೆ ಹೊರಗಿನಿಂದ ತರುವುದು ಬೇಡಮ್ಮ, ನಮ್ಮದೇ ಉಂಟು." ಬೊಜ್ಜ ಎಂದರೆ ಉತ್ತರಕ್ರಿಯೆ. ಮಾವನನ್ನು ಇನ್ನೂ ಮನೆಯಿಂದ ಹೊರಗೆ ತೆಗೆದಿರಲಿಲ್ಲ. ಬೇರೆ ಯಾರಾದರೂ ಆ ಹೊತ್ತಿನಲ್ಲಿ ಬೊಜ್ಜದ ಊಟದ ಮಾತೆತ್ತಿದ್ದರೆ ನನಗೆ ಸಿಟ್ಟು ಬರುತ್ತಿತ್ತೇನೋ. ಅವರು ಹೇಳಿದಾಗ ಒಂದು ಧೈರ್ಯ ಬಂತು. ಹದಿಮೂರು ದಿನದ ಕೆಲಸವನ್ನು ಅವರು ಆಗಲೇ ತಮ್ಮ ತಲೆಗೆ ಹಾಕಿಕೊಂಡಿದ್ದರು.

ಇಷ್ಟೆಲ್ಲ ಮಾಡಿದ್ದಕ್ಕೆ ನಾವು ಕೊಟ್ಟದ್ದು ಏನು ಎಂದರೆ ವರ್ಷವರ್ಷದ ಆ ವಂತಿಗೆ. ಮೊದಲು ಹತ್ತು ರೂಪಾಯಿ, ಆಮೇಲೆ ಐವತ್ತು, ನೂರೊಂದು, ಐನೂರೊಂದು. ಲೆಕ್ಕ ಹಾಕಿದರೆ ತಾರ್ಪಾಲಿನ ಬಾಡಿಗೆಗೂ ಸಾಲದು. ಅಂದರೆ ದುಡ್ಡು ಇಲ್ಲಿ ನೆಪ. ಪ್ರತಿ ವರ್ಷ ಯಾರೋ ಒಬ್ಬರು ಮನೆ ಬಾಗಿಲಿಗೆ ಬಂದು, ಒಳಗೆ ಯಾರಿದ್ದಾರೆ, ಯಾರಿಗೆ ಹುಷಾರಿಲ್ಲ, ಯಾರು ದುಬೈಯಿಂದ ಬಂದಿದ್ದಾರೆ, ಯಾವ ಹುಡುಗಿಗೆ ಮದುವೆ ಗೊತ್ತಾಗಿದೆ ಎಂದು ನೋಡಿಕೊಂಡು ಹೋಗುವುದಕ್ಕೆ ಒಂದು ಕಾರಣ.

ಅದೇ ವರ್ಷವೋ ಮರುವರ್ಷವೋ, ಲೈನ್ ರೂಮಿನಲ್ಲಿದ್ದ ಒಡಿಶಾದ ಒಬ್ಬ ಹುಡುಗ ಸತ್ತ. ಧಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಬೋಟಿಗೆ ಹೋಗುತ್ತಿದ್ದವನು. ದೇಹವನ್ನು ಊರಿಗೆ ಕಳಿಸುವ ಕೆಲಸಕ್ಕೆ ಬೋಟಿನವರು, ಪೊಲೀಸರು, ಅವನ ಜೊತೆಗಿದ್ದ ಮೂರ್ನಾಲ್ಕು ಹುಡುಗರು ಓಡಾಡಿದರು. ಕ್ಲಬ್ಬಿನ ಚೇರುಗಳು ಆ ದಿನ ಪೇರಿಸಿಟ್ಟಲ್ಲೇ ಇದ್ದವು. ಯಾರೂ ಬೇಕೆಂದು ಮಾಡಿದ್ದಲ್ಲ. ಸುದ್ದಿಯೇ ಸರಿಯಾಗಿ ತಲುಪಿರಲಿಲ್ಲ.

ಮೊದಲು ಎಲ್ಲರೂ ಯಾವುದಾದರೂ ಒಂದರಲ್ಲಿ ಇದ್ದರು

ಮಾವ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ನದಿಯ ದಡದ ಉದ್ದಕ್ಕೂ ಒಂದರ ಹಿಂದೆ ಒಂದು ಬಂದವು. ಜೇಡಿಮಣ್ಣು, ಸೌದೆ ಎಲ್ಲ ದೋಣಿಯಲ್ಲಿ ಬರುತ್ತಿದ್ದ ಕಾಲ. ಕೆಲಸದವರು ಕಾರ್ಖಾನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದ್ದರು. ಬೆಳಿಗ್ಗೆ ಕಾರ್ಖಾನೆಯ ಸೈರನ್ನು ಕೂಗು ಹೊಡೆದರೆ ಗಲ್ಲಿ ಖಾಲಿ, ಸಂಜೆ ಕೂಗು ಹೊಡೆದರೆ ಗಲ್ಲಿ ತುಂಬ ಜನ. ಮಾವನ ಕಾಲದ ವ್ಯಾಯಾಮ ಶಾಲೆ, ಭಜನೆ, ನಾಟಕದ ರಿಹರ್ಸಲ್ ಎಲ್ಲ ಆ ಎರಡನೇ ಕೂಗಿನ ನಂತರದ್ದು. ಜೊತೆಗೆ ಕೆಲಸ ಮಾಡಿದವರೇ ಜೊತೆಗೆ ತಾಲೀಮು ಮಾಡುತ್ತಿದ್ದರು. ಹೀಗಿರುವಾಗ ಲಿಸ್ಟು ಎಂದು ಬೇರೆ ಬರೆದಿಡಬೇಕಾಗಿರಲಿಲ್ಲ.

ಹೆಂಗಸರಿಗೆ ಈ ಕ್ಲಬ್ಬುಗಳಲ್ಲಿ ಜಾಗ ಇರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈಗಲೂ ಸಂಜೆ ಏಳರ ಮೇಲೆ ಕೇರಂ ಬೋರ್ಡಿನ ಹತ್ತಿರ ಒಬ್ಬ ಹೆಂಗಸು ಹೋಗಿ ಕೂತರೆ ಎಲ್ಲರಿಗೂ ಕಷ್ಟ ಆದೀತು. ಹೆಂಗಸರ ಕ್ಲಬ್ಬು ಬೇರೆಯೇ ಇತ್ತು. ಅದಕ್ಕೆ ಬೋರ್ಡು, ಅಧ್ಯಕ್ಷರು ಯಾರೂ ಇರಲಿಲ್ಲ. ಬೀಡಿ ಬ್ರಾಂಚು! ಅತ್ತೆ ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋದರೆ ಎರಡು ಗಂಟೆ ಬರುತ್ತಿರಲಿಲ್ಲವಂತೆ. ಎಲೆ ಕಡಿಮೆ ಕೊಟ್ಟದ್ದಕ್ಕೆ ಜಗಳ, ಬೀಡಿ ತಿರಸ್ಕರಿಸಿದ್ದಕ್ಕೆ ಜಗಳ, ಅದರ ನಡುವೆ ಊರಿನ ಎಲ್ಲ ಸುದ್ದಿ. ಯಾರ ಮನೆಯಲ್ಲಿ ಅಕ್ಕಿ ಇಲ್ಲ ಎನ್ನುವುದು ಯುವಕ ಮಂಡಲಕ್ಕಿಂತ ಮೊದಲು ಬ್ರಾಂಚಿಗೆ ಗೊತ್ತಾಗುತ್ತಿತ್ತು. ಅಲ್ಲಿ ಹಿಂದೂ, ಬ್ಯಾರಿ, ಕ್ರಿಶ್ಚಿಯನ್ ಎಲ್ಲ ಹೆಂಗಸರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಇವತ್ತಿನ ಯಾವ ಕ್ಲಬ್ಬಿನಲ್ಲೂ ಆ ಸಾಲು ನನಗೆ ಕಾಣಿಸುವುದಿಲ್ಲ. ಈಗ ಭಾನುವಾರ ನಮ್ಮ ಕ್ಲಬ್ಬಿನ ಹಾಲಿನಲ್ಲಿ ಸ್ವಸಹಾಯ ಸಂಘದ ಸಭೆ ನಡೆಯುತ್ತದೆ. ಒಳ್ಳೆಯದೇ. ಆದರೆ ಸಾಲಕ್ಕೆ ಒಬ್ಬರಿಗೊಬ್ಬರು ಜವಾಬು ಇರಬೇಕಲ್ಲ, ಹಾಗಾಗಿ ಇವತ್ತು ಇದ್ದು ನಾಳೆ ರೂಮು ಖಾಲಿ ಮಾಡಿ ಹೋಗುವವರನ್ನು ಅದಕ್ಕೂ ಸೇರಿಸಿಕೊಳ್ಳುವುದಿಲ್ಲ.

ಚರ್ಚಿನವರದ್ದು ಇನ್ನೂ ಅಚ್ಚುಕಟ್ಟು. ಇಗರ್ಜಿಯ ಒಂದೊಂದು ವಾರ್ಡಿಗೆ ಒಬ್ಬ ಗುರ್ಕಾರ್. ಎಷ್ಟು ಮನೆ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಮಗು ಪ್ರಥಮ ಪ್ರಸಾದಕ್ಕೆ ತಯಾರಿದೆ ಎಲ್ಲ ಅವನಿಗೆ ಗೊತ್ತಿರಬೇಕು. ಬಡವರ ಮನೆಗೆ ಹೋಗಿ ಬರಲು ವಿನ್ಸೆಂಟ್ ದೆ ಪಾವ್ಲ್ ಸಭೆ ಬೇರೆ. ಬಂದರಿನ ಕಡೆ ಜಮಾಅತ್ತಿನ ಪಟ್ಟಿ. ಹೀಗೆ ಈ ಊರಿನ ಹಳೇ ಭಾಗದಲ್ಲಿ ಪ್ರತಿ ಮನೆಯೂ ಯಾವುದಾದರೂ ಒಂದು ಪಟ್ಟಿಯಲ್ಲಿ ಇತ್ತು, ಕೆಲವು ಎರಡರಲ್ಲಿ. ಜಾತಿ ಧರ್ಮದ ಗೆರೆ ಇದ್ದೇ ಇತ್ತು, ಯಾರೂ ಅದನ್ನು ಮುಚ್ಚಿಡುತ್ತಿರಲಿಲ್ಲ.

ಪೂರ್ತಿ ಹೊರಗೆ ಉಳಿದವರೂ ಇದ್ದರು ಎನ್ನಿ. ಅವರಿಗಾಗಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ದಲಿತ ಮಕ್ಕಳಿಗೆ ಶಾಲೆ, ಹಾಸ್ಟೆಲು, ಕೈಕೆಲಸ, ಮನೆ ಕಟ್ಟಲು ಜಾಗ. ಅವರ ಸ್ವಂತ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ನಮ್ಮ ಕ್ಲಬ್ಬುಗಳು ವಾರ್ಷಿಕೋತ್ಸವದ ತುಳು ನಾಟಕಕ್ಕೆ ಬುಕ್ ಮಾಡುವ ಪುರಭವನಕ್ಕೆ ಅವರದೇ ಹೆಸರು. ನಾಟಕದ ನಡುವೆ ಸಭಾ ಕಾರ್ಯಕ್ರಮ ಇರುತ್ತದೆ, ಭಾಷಣ ಮಾಡುವವರು 'ಈ ಪುರಭವನದಲ್ಲಿ' ಎನ್ನುತ್ತಾರೆ, ಮುಂದೆ ಹೋಗುತ್ತಾರೆ. ಪಟ್ಟಿಯಲ್ಲಿ ಇಲ್ಲದವರಿಗಾಗಿಯೇ ಒಂದು ಸಂಸ್ಥೆ ಕಟ್ಟಿದ ಮನುಷ್ಯ ಅವರು. ಆ ಮಾತನ್ನು ಅಲ್ಲಿ ಯಾರಾದರೂ ಎತ್ತಿದ್ದು ನಾನಂತೂ ಕೇಳಿಲ್ಲ.

ಡೆಂಗೆ ಬಂದ ಮಳೆಗಾಲ

2019ರ ಮಳೆಗಾಲದಲ್ಲಿ ಮಂಗಳೂರಿಗೆ ಡೆಂಗೆ ಬಂದದ್ದು ಎಲ್ಲರಿಗೂ ನೆನಪಿದೆ. ಗುಜ್ಜರಕೆರೆ, ಜೆಪ್ಪು ಕಡೆಯಂತೂ ಮನೆಮನೆಯಲ್ಲೂ ಜ್ವರ. ಕ್ಲಬ್ಬಿನ ಹುಡುಗರು ಆ ವರ್ಷ ಮಾಡಿದ ಕೆಲಸ ಸಣ್ಣದಲ್ಲ. ಭಾನುವಾರ ಬೆಳಿಗ್ಗೆ ಪಾಲಿಕೆಯ ಆರೋಗ್ಯ ಕಾರ್ಯಕರ್ತರ ಜೊತೆ ಹೊರಟು ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಟಯರು, ಬೊಂಡದ ಚಿಪ್ಪು, ತಾರ್ಪಾಲಿನ ಮಡಿಕೆ ಎಲ್ಲ ಹುಡುಕಿ ನೀರು ಚೆಲ್ಲಿದರು. ನಮ್ಮ ತುಳಸಿಕಟ್ಟೆಯ ಪಕ್ಕದ ಹಿತ್ತಾಳೆ ಪಾತ್ರೆಯಲ್ಲಿ ಮರಿಗಳು ಓಡಾಡುತ್ತಿದ್ದುದನ್ನು ಟಾರ್ಚು ಬಿಟ್ಟು ತೋರಿಸಿದರು. ಅತ್ತೆ ನಾಚಿಕೊಂಡು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ನೋಡಿದ ಮನೆಗೆ ಟಿಕ್ ಹಾಕಲು ಒಂದು ಪಟ್ಟಿ ಬೇಕಿತ್ತು. ಕೈಯಲ್ಲಿ ಇದ್ದದ್ದು ಚೌತಿಯ ವಂತಿಗೆ ಲಿಸ್ಟು. ಅದನ್ನೇ ಜೆರಾಕ್ಸ್ ಮಾಡಿಸಿಕೊಂಡು ಹೊರಟಿದ್ದರು.

ನೀವು ಊಹಿಸಿದ್ದು ಸರಿ. ಎಡಕ್ಕೆ ತಿರುಗಿದರು.

ಲೈನ್ ರೂಮಿನ ಎದುರು ಸಾಲಾಗಿ ನೀಲಿ ಡ್ರಮ್ಮುಗಳು. ಎಲ್ಲರಿಗೂ ಸೇರಿ ಒಂದೇ ನಳ್ಳಿ, ಅದರಲ್ಲೂ ನೀರು ಬಿಟ್ಟಾಗ ಮಾತ್ರ. ಹಿಡಿದಿಟ್ಟುಕೊಳ್ಳದೆ ಬೇರೆ ದಾರಿ ಇಲ್ಲ. ಮುಚ್ಚಳ ಯಾವುದಕ್ಕೂ ಇಲ್ಲ. ಡೆಂಗೆ ಹರಡುವ ಸೊಳ್ಳೆಗೆ ಕೊಳಚೆ ಬೇಡ, ಹೀಗೆ ನಿಂತ ಚೊಕ್ಕ ನೀರೇ ಬೇಕು. ಅದು ದೂರವೂ ಹಾರುವುದಿಲ್ಲ. ಮನೆಯ ಆಸುಪಾಸಿನಲ್ಲೇ ಇದ್ದು ಹಗಲು ಹೊತ್ತು ಕಚ್ಚುತ್ತದೆ. ಮೊದಲು ಜ್ವರ ಬಂದದ್ದು ಫ್ಲ್ಯಾಟಿನ ವಾಚ್‌ಮನ್ನಿನ ಮಗಳಿಗೆ. ಅವರು ಕೊಪ್ಪಳ ಕಡೆಯವರು. ಆಮೇಲೆ ನಮ್ಮ ಎದುರುಮನೆಯ ಟೀಚರಿಗೆ, ಆಮೇಲೆ ಕ್ಲಬ್ಬಿನ ಕೋಶಾಧಿಕಾರಿಯ ಅಣ್ಣನಿಗೆ. ಆ ಡ್ರಮ್ಮುಗಳಿಂದಲೇ ಬಂತು ಎಂದು ಯಾರೂ ಹೇಳುವ ಹಾಗಿಲ್ಲ. ಸೊಳ್ಳೆ ನಮ್ಮ ಹಿತ್ತಾಳೆ ಪಾತ್ರೆಯಲ್ಲೂ ಇತ್ತಲ್ಲ.

ಲಿಸ್ಟು ತಪ್ಪಿದೆ ಎಂದು ಕಂಡುಹಿಡಿದವರು ಕ್ಲಬ್ಬಿನ ಹಳೇ ಅಧ್ಯಕ್ಷರೇ, ಅದೇ ಪಾತ್ರೆಯ ಮಾತು ಹೇಳಿದವರು. ಮರು ಭಾನುವಾರ ಅವರು ಹುಡುಗರನ್ನು ಕರೆದುಕೊಂಡು ಬಲಕ್ಕೆ ತಿರುಗಿದರು. ನಾನೂ ಹಿಂದೆ ಹೋದೆ, ವಾಚ್‌ಮನ್ನಿನ ಹೆಂಡತಿ ನಮ್ಮ ಮನೆಗೆ ಕೆಲಸಕ್ಕೆ ಬರುವುದರಿಂದ ಗುರುತಿತ್ತು. ಹುಡುಗನೊಬ್ಬ ಬಹಳ ಹುಮ್ಮಸ್ಸಿನಲ್ಲಿ ಡ್ರಮ್ಮು ತೋರಿಸಿ ಹಿಂದಿಯಲ್ಲಿ ಶುರು ಮಾಡಿದ. ಪಾನಿ ಐಸಾ, ಮಚ್ಛರ್ ವೈಸಾ ಎಂದು ಕೈಬಾಯಿ ತಿರುಗಿಸಿ ಹೇಳುತ್ತಿದ್ದ. ಆಕೆ ಪೂರ್ತಿ ಕೇಳಿಸಿಕೊಂಡು, "ಕನ್ನಡದಾಗ ಹೇಳ್ರಿ ಅಣ್ಣಾರ, ತಿಳೀತೈತಿ" ಎಂದಳು. ನಾವೆಲ್ಲ ನಕ್ಕೆವು, ಆ ಹುಡುಗನೂ ನಕ್ಕ. ಮನೆಯಲ್ಲಿ ತುಳು, ಕೆಲಸದಲ್ಲಿ ಇಂಗ್ಲಿಷು, ಕನ್ನಡ ಬರುವವಳ ಹತ್ತಿರ ಹಿಂದಿ! ನಗು ಮುಗಿದ ಮೇಲೆ ಆಕೆ ಕೇಳಿದ ಪ್ರಶ್ನೆಗೆ ಮಾತ್ರ ಯಾರಲ್ಲೂ ಉತ್ತರ ಇರಲಿಲ್ಲ: "ಇದನ್ನ ಚೆಲ್ಲಿದ್ರ ಮತ್ತ ನೀರು ಯಾವಾಗ ಬರ್ತೈತ್ರಿ?" ಕೊನೆಗೆ ಚೆಲ್ಲಲಿಲ್ಲ. ಅಧ್ಯಕ್ಷರು ಹುಡುಗರನ್ನು ಕಳಿಸಿ ಸೊಳ್ಳೆಪರದೆಯ ಬಟ್ಟೆ ತರಿಸಿದರು, ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಹಗ್ಗದಲ್ಲಿ ಕಟ್ಟಿದರು. ಬಟ್ಟೆಗೆ ಆದ ಖರ್ಚು ದಸರಾ ಲೆಕ್ಕದಿಂದ ಹೋಯಿತು. ಅದರ ಬಗ್ಗೆ ಆಮೇಲೆ ಮಹಾಸಭೆಯಲ್ಲಿ ಸಣ್ಣ ಗಲಾಟೆಯೂ ಆಯಿತು ಎಂದು ಕೇಳಿದ್ದೇನೆ.

ಮರುವರ್ಷ ಲಾಕ್‌ಡೌನು. ಕಿಟ್ಟು ಹಂಚಲು ಮತ್ತೆ ಪಟ್ಟಿ ಬೇಕಾಯಿತು. ರೇಷನ್ ಕಾರ್ಡು ಇಲ್ಲದವರು, ಓಟು ಇಲ್ಲದವರು ನಮ್ಮ ಒಂದು ಗಲ್ಲಿಯಲ್ಲೇ ಇಷ್ಟೊಂದು ಜನ ಇದ್ದಾರಾ ಎಂದು ಎಲ್ಲರಿಗೂ ಆಶ್ಚರ್ಯ. ಮೇ ತಿಂಗಳಲ್ಲಿ ಊರಿಗೆ ಹೋಗಬೇಕು, ರೈಲು ಬಿಡಿ ಎಂದು ನಿಲ್ದಾಣದ ಹತ್ತಿರ ಸೇರಿದ ಕೆಲಸಗಾರರ ಫೋಟೋ ಪೇಪರಿನಲ್ಲಿ ಬಂದಾಗ ಅದರಲ್ಲಿ ನಮ್ಮ ಲೈನ್ ರೂಮಿನವರೂ ಇದ್ದಾರಾ ಎಂದು ನಾನು ಹುಡುಕಿದ್ದುಂಟು.

ಕೇಳಿದರೂ ಕಷ್ಟ, ಕೇಳದಿದ್ದರೂ ಕಷ್ಟ

ಹಾಗಾದರೆ ಅವರ ಹೆಸರನ್ನೂ ಲಿಸ್ಟಿಗೆ ಸೇರಿಸಿ, ವಂತಿಗೆ ಕೇಳಿ, ಮುಗಿಯಿತಲ್ಲ ಎಂದು ನಾನು ಈಗಿನ ಕಾರ್ಯದರ್ಶಿಯ ಹತ್ತಿರ ಹೇಳಿದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ, ತಲೆ ಇರುವ ಹುಡುಗ. ಅವನು ಹೇಳಿದ್ದು ಕೇಳಿ ನಾನು ಸುಮ್ಮನಾದೆ. "ಅಕ್ಕಾ, ನಿಮ್ಮ ಮನೆಗೆ ನಾವು ಐದು ಜನ ಬಂದರೆ ವಂತಿಗೆ. ಅವರ ರೂಮಿಗೆ ನಾವೇ ಐದು ಜನ ಹೋಗಿ ನಿಂತರೆ ಅವರಿಗೆ ಅದು ಹಫ್ತಾ ಥರ ಕಾಣಬಹುದು. ಬೇಡ ಎಂದು ಹೇಳಲು ಅವರಿಗೆ ಧೈರ್ಯ ಉಂಟಾ?" ನಿಜ ಅಲ್ವಾ? ನಾನು ಗೊಣಗಬಹುದು, ಟಿವಿ ಸಣ್ಣ ಮಾಡಿ ಅಡಗಬಹುದು, "ಮುಂದಿನ ವಾರ ಬನ್ನಿ" ಎನ್ನಬಹುದು. ಆಗುವುದಿಲ್ಲ ಎಂದು ಹೇಳಲು ನನಗಿರುವ ಸಲುಗೆ ಅವರಿಗಿಲ್ಲ. ಅವನು ಇನ್ನೊಂದು ಮಾತನ್ನೂ ಹೇಳಿದ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳಿಗೆ ರಜೆ. ಬೋಟಿನ ಹುಡುಗರು ಊರಿಗೆ ಹೋಗಿ ಬರಿಗೈಯಲ್ಲಿ ಬರುವ ಹೊತ್ತಿಗೇ ನಮ್ಮ ಅಷ್ಟಮಿ, ಚೌತಿ ಶುರು.

ಊಟಕ್ಕೆ ಕರೆಯುವುದಿಲ್ಲವೇ ಎಂದರೆ ಕರೆಯುತ್ತಾರೆ. ಚೌತಿಯ ಅನ್ನಸಂತರ್ಪಣೆಗೆ ಯಾವ ಲಿಸ್ಟೂ ಇಲ್ಲ. ಲೈನ್ ರೂಮಿನವರು ಮಕ್ಕಳ ಸಮೇತ ಬಂದು ಉಂಡು ಹೋಗುತ್ತಾರೆ. ಆದರೆ ಬಡಿಸುವ ಸಾಲಿನಲ್ಲಿ ಅವರಿಲ್ಲ. ಪಾತ್ರೆ ತೊಳೆಯುವಲ್ಲಿ ಇದ್ದಾರೆ, ಅದೂ ಕೂಲಿಗೆ. ಕಬಡ್ಡಿಯಲ್ಲಿ ಮಾತ್ರ ಕಥೆ ಬೇರೆ. ಒಳ್ಳೆ ರೈಡರ್ ಆದರೆ ಸಾಕು, ಅವನ ಊರು ಯಾವುದು ಎಂದು ಯಾರೂ ಕೇಳುವುದಿಲ್ಲ. ಮ್ಯಾಟಿನ ಮೇಲೆ ನಮ್ಮ ಕ್ಲಬ್ಬಿನ ಬನಿಯನ್ ಹಾಕಿಕೊಂಡು ಬಾಗಲಕೋಟೆಯ ಹುಡುಗ ಆಡುವಾಗ ಅವನು ನಮ್ಮವನೇ. ಪಂದ್ಯ ಮುಗಿದು ಬಹುಮಾನದ ದುಡ್ಡು ಹಂಚಿದ ಮೇಲೆ ಅವನು ರೂಮಿಗೆ ಹೋಗುತ್ತಾನೆ, ಇವರು ಕ್ಲಬ್ಬಿಗೆ ಬರುತ್ತಾರೆ. ಅಷ್ಟಾದರೂ ಆಯಿತಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ಒಮ್ಮೊಮ್ಮೆ ಅನಿಸುವುದಿಲ್ಲ.

ವಾಚ್‌ಮನ್ನಿನ ಮಗಳು ಹುಷಾರಾದ ವರ್ಷದ ದಸರಾಕ್ಕೆ ಹುಲಿಗಳು ನಮ್ಮ ಗಲ್ಲಿಗೆ ಬಂದಿದ್ದವು. ತಾಸೆಯ ಸದ್ದಿಗೆ ಎಲ್ಲರೂ ಗೇಟಿನಲ್ಲಿ. ಅಕ್ಕಿಮುಡಿ ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆದದ್ದೂ ಆಯಿತು. ಆಗ ವಾಚ್‌ಮನ್ನು ತನ್ನ ಜೇಬಿನಿಂದ ಐವತ್ತೊಂದು ರೂಪಾಯಿ ತೆಗೆದು ಪುಸ್ತಕ ಹಿಡಿದವನ ಕೈಗೆ ಕೊಟ್ಟ. ಹುಡುಗ ದುಡ್ಡು ತೆಗೆದುಕೊಂಡು ಡಬ್ಬಿಗೆ ಹಾಕಿದ, ಮುಂದಿನ ಮನೆಗೆ ಹೊರಟ. ವಾಚ್‌ಮನ್ನು ಹಿಂದೆಯೇ ಹೋಗಿ, "ಚೀಟಿ ಕೊಡ್ರಿ" ಎಂದ. ಹುಡುಗನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೆಸರು ಕೇಳಿದ, ಬರೆದ, ಹರಿದು ಕೊಟ್ಟ. ನಾನು ಗೇಟಿನಲ್ಲೇ ನಿಂತು ನೋಡಿದೆ. ಆ ವರ್ಷದ ಖರ್ಚುವೆಚ್ಚದ ಪತ್ರಿಕೆಯಲ್ಲಿ ದಾನಿಗಳ ಹೆಸರು ಅಚ್ಚಾದಾಗ ಅವನ ಹೆಸರೂ ಬಂದಿತ್ತು, ಊರಿನ ಹೆಸರು ಮಾತ್ರ ತಪ್ಪು.

ಕಾನೂನಿಗೂ ಇದೇ ಪಟ್ಟಿಯ ರೋಗ ಇದೆ. ನಮ್ಮ ಪಾಲಿಕೆಯಲ್ಲಿ 60 ವಾರ್ಡು. ವಾರ್ಡ್ ಸಮಿತಿ ಎಂದು ಒಂದು ಇರಬೇಕು, ಕಾರ್ಪೊರೇಟರ್ ಬಿಟ್ಟು 10 ಜನ. ಹೆಂಗಸರು ಇರಬೇಕು, ಪರಿಶಿಷ್ಟ ಜಾತಿ ಪಂಗಡದವರು ಇರಬೇಕು, ನಿವಾಸಿಗಳ ಸಂಘಗಳಿಂದಲೂ ಇರಬೇಕು. ಕಾಗದದಲ್ಲಿ ಬಹಳ ಒಳ್ಳೆಯದು. ಆದರೆ ಸಂಘದಿಂದ ಬರುವವರು ಸಂಘದ ರಿಜಿಸ್ಟರಿನಲ್ಲಿ ಇದ್ದವರೇ ಆಗಿರುತ್ತಾರೆ. ಒಂದೇ ನಳ್ಳಿಗೆ ಸಾಲು ನಿಲ್ಲುವವರ ಪರವಾಗಿ ನೀರಿನ ಹೊತ್ತು ಕೇಳುವವರು ಮನೆಯೊಳಗೆ ಟ್ಯಾಂಕು ಇರುವವರು. ಕೇಳುವುದಿಲ್ಲ ಎಂದಲ್ಲ. ಕೇಳಬೇಕು ಎಂದು ಹೊಳೆಯುವುದೇ ಇಲ್ಲ.

ಈ ವರ್ಷದ ಸಭೆ

ಚೌತಿಯ ಪೂರ್ವಭಾವಿ ಸಭೆಗೆ ಈ ಸಲ ನಾನೇ ಹೋದೆ. ಹೆಂಗಸರು ಬರಬಾರದು ಎಂದು ಎಲ್ಲೂ ಬರೆದಿಲ್ಲ, ಬರುವುದಿಲ್ಲ ಅಷ್ಟೆ. ಒಂದು ಚೇರು ಫಕ್ಕನೆ ಒರೆಸಿ ಕೊಟ್ಟರು. ಬಾಡಿಗೆಯವರ ಹೆಸರನ್ನು ಲಿಸ್ಟಿಗೆ ಸೇರಿಸಬೇಕು, ದುಡ್ಡು ಕೇಳುವುದು ಬೇಡ, ಆಮಂತ್ರಣ ಕೊಟ್ಟು ಯಾರು ಇದ್ದಾರೆ ಎಂದು ಬರೆದುಕೊಂಡು ಬನ್ನಿ, ಅವರಾಗಿ ಕೊಟ್ಟರೆ ರಶೀದಿ ಹರಿಯಿರಿ ಎಂದು ನಾನು ಹೇಳಿದೆ. ಆಗ ನಿಜವಾದ ಹೆದರಿಕೆ ಹೊರಗೆ ಬಂತು. ಕ್ಲಬ್ಬು ಕೂತಿರುವುದು ಯಾರೋ ಹಿರಿಯರು ಬಿಟ್ಟುಕೊಟ್ಟ ಮೂರು ಸೆಂಟ್ಸ್ ಜಾಗದಲ್ಲಿ. ಅವರು ಬಿಟ್ಟುಕೊಟ್ಟಾಗ ಅದಕ್ಕೆ ಬೆಲೆಯೇ ಇರಲಿಲ್ಲ. ಈಗ ಅಕ್ಕಪಕ್ಕ ಫ್ಲ್ಯಾಟು ಎದ್ದ ಮೇಲೆ ಆ ಜಾಗದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಇವತ್ತು ರಶೀದಿ ಕೊಟ್ಟರೆ ನಾಳೆ ಮೆಂಬರ್‌ಶಿಪ್ ಕೇಳುತ್ತಾರೆ, ನಾಡಿದ್ದು ಓಟು ಹಾಕಿ ಕಮಿಟಿಗೆ ಬರುತ್ತಾರೆ ಎಂದು ಒಬ್ಬರು ಲೆಕ್ಕ ಹಾಕಿ ತೋರಿಸಿದರು. ಕೊಪ್ಪಳದ ವಾಚ್‌ಮನ್ನು ನಮ್ಮ ಕ್ಲಬ್ಬಿನ ಅಧ್ಯಕ್ಷನಾಗುವುದನ್ನು ಕಲ್ಪಿಸಿಕೊಂಡು ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ನನಗೆ ಅದು ನಗುವ ವಿಷಯ ಎನಿಸಲಿಲ್ಲ. ಈಗಿನ ಅಧ್ಯಕ್ಷರ ಅಜ್ಜ ಕೂಡ ಹೆಂಚಿನ ಕೆಲಸಕ್ಕೆಂದು ಬೇರೆ ಊರಿನಿಂದ ಇಲ್ಲಿಗೆ ಬಂದವರೇ ಎಂದು ಮಾವ ಹೇಳುತ್ತಿದ್ದರು. ಅದನ್ನು ಸಭೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಮಾತು ಬೇರೆ ಕಡೆ ಹೋಗುತ್ತಿತ್ತು.

ಕಾರ್ಯದರ್ಶಿ ಹುಡುಗ ನಡುವಿನ ದಾರಿ ಹುಡುಕಿದ. ಮೆಂಬರ್‌ಶಿಪ್ ವಿಷಯ ಬೇರೆ, ವಂತಿಗೆ ವಿಷಯ ಬೇರೆ. ಬಾಡಿಗೆಯವರಿಗೆ ಪ್ರತ್ಯೇಕ ಪುಸ್ತಕ ಮಾಡುವ, ಲೆಕ್ಕ ಇಡಲು ಸುಲಭ ಆಗುತ್ತದೆ ಎಂದ. ಎಲ್ಲರೂ ಆಗಬಹುದು ಎಂದರು. ಪ್ರತ್ಯೇಕ ಪುಸ್ತಕ ಬೇಡ, ಒಂದೇ ಪುಸ್ತಕದಲ್ಲಿ ಬರೆಯಿರಿ ಎಂದು ನಾನು ಹೇಳಿದೆ. ಪ್ರೆಸ್ಸಿಗೆ ಆರ್ಡರ್ ಕೊಟ್ಟಾಗಿದೆ, ಈ ಸಲಕ್ಕೆ ಹೀಗೆ ಹೋಗಲಿ, ಮುಂದಿನ ವರ್ಷ ನೋಡುವ ಅಕ್ಕಾ ಎಂದರು. ಹಾಗಾದರೆ ನನ್ನ ಮಾತನ್ನು ಮಿನಿಟ್ಸಿನಲ್ಲಿ ಬರೆಯಿರಿ ಎಂದೆ. ಬರೆಯುವವನು ತಲೆ ಅಲ್ಲಾಡಿಸಿದ, ಆದರೆ ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡಾಗಿತ್ತು. ಮುಂದಿನ ಸಭೆ ಶುರುವಾಗುವಾಗ ಹಿಂದಿನ ಮಿನಿಟ್ಸ್ ಓದಬೇಕು, ಅದು ಬೈಲಾದಲ್ಲೇ ಉಂಟು. ಓದಿಸುತ್ತೇನೆ. ಅಷ್ಟರೊಳಗೆ ಆ ಇನ್ನೊಂದು ಪುಸ್ತಕ ಹಿಡಿದುಕೊಂಡು ಬಲಕ್ಕೆ ಯಾರು ಹೋಗುವುದು ಎಂದು ಇನ್ನೂ ತೀರ್ಮಾನ ಆಗಿಲ್ಲ. ಕನ್ನಡ ಸರಿಯಾಗಿ ಬರುವವನು ಬೇಕಂತೆ.